ಬಸವನಹುಳು ಮೀನಿನ ಮರಿ ತಿನ್ನುತ್ತಾ? ಚಿಂತಾಮಣಿಯ ಫಿಶ್ ಟ್ಯಾಂಕಿನಲ್ಲಿ ಕಳ್ಳನ ಹುಡುಕಾಟ

[ದೃಶ್ಯ: ರಾತ್ರಿ. ಟಾರ್ಚ್ ಬೆಳಕಿನಲ್ಲಿ ಟ್ಯಾಂಕಿನ ಗಾಜು. ಬಸವನಹುಳುಗಳು ನಿಧಾನವಾಗಿ ಹರಿದಾಡುತ್ತಿವೆ.]

ಮೊದಲು 14 ಮರಿ ಇದ್ದವು. ಸೋಮವಾರ 11. ಗುರುವಾರ 7. ಭಾನುವಾರ ಬೆಳಿಗ್ಗೆ ಎಣಿಸಿದರೆ 4.

ಈ ಲೆಕ್ಕ ಬರೆದು ಕಳಿಸಿದ್ದು ಚಿಂತಾಮಣಿಯ ಒಬ್ಬ ಹುಡುಗ, ಏಳನೇ ಕ್ಲಾಸು. ಜೊತೆಗೆ ಒಂದು ಫೋಟೋ, ಒಂದು ಪ್ರಶ್ನೆ. "ಅಣ್ಣಾ, ಬಸವನಹುಳು ಗಪ್ಪಿ ಮರಿ ತಿನ್ನುತ್ತಾ?" ಫೋಟೋದಲ್ಲಿ ಗಾಜಿನ ತುಂಬಾ ಬಸವನಹುಳು. ಅವನು ಒಂದನ್ನೂ ದುಡ್ಡು ಕೊಟ್ಟು ತಂದಿರಲಿಲ್ಲ.

ನಮಸ್ಕಾರ. ನಾನು ಕೋಲಾರದವನು, ಚಿಂತಾಮಣಿ ನಮಗೆ ದೂರವೇನಲ್ಲ. ಆ ಪ್ರಶ್ನೆ ತಲೆಯಲ್ಲೇ ಕೂತುಬಿಟ್ಟಿತು. ಅವತ್ತೇ ಬಸ್ಸು ಹತ್ತಿ ಹೋದೆ.

[ದೃಶ್ಯ: ಮನೆಯ ಹಾಲ್. ಟಿವಿ ಪಕ್ಕದಲ್ಲಿ 2 ಅಡಿ ಟ್ಯಾಂಕ್.]

ನಾನು ಚಪ್ಪಲಿ ಬಿಡುವ ಮೊದಲೇ ಅಜ್ಜಿ ಹೇಳಿದರು. "ಕೆರೆಯಿಂದ ಆ ಗಿಡ ತಂದಾಗಿಂದ ಹೀಗೇ ನೋಡಪ್ಪ. ಎಲ್ಲಿ ನೋಡಿದರೂ ನತ್ತಲೇ." ನಮ್ಮ ಕಡೆ ತೆಲುಗು ಮನೆಮಾತಿನವರು ಬಸವನಹುಳುವಿಗೆ ನತ್ತ ಅನ್ನುತ್ತಾರೆ. ಅರ್ಧ ಉತ್ತರ ಅಜ್ಜಿಯ ಮಾತಿನಲ್ಲೇ ಇತ್ತು. ಗಿಡ!

ಊರ ಹೊರಗಿನ ಕೆರೆಯಿಂದ ಹುಡುಗ ಒಂದು ಹಿಡಿ ಹೈಡ್ರಿಲ್ಲಾ ಕಿತ್ತು ತಂದಿದ್ದ. ನೀರಿನಲ್ಲಿ ಒಮ್ಮೆ ಜಾಲಿಸಿ ಟ್ಯಾಂಕಿಗೆ ಹಾಕಿದ್ದ. ಬಸವನಹುಳುವಿನ ಮೊಟ್ಟೆ ಎಲೆಯ ಅಡಿಯಲ್ಲಿ ಅಂಟಿನ ಉಂಡೆಯ ಹಾಗೆ ಇರುತ್ತದೆ. ಗಾಜಿನ ಹಾಗೆ ಪಾರದರ್ಶಕ. ಜಾಲಿಸಿದರೆ ಬೀಳುವುದಿಲ್ಲ. ಅಂಗಡಿಯ ಗಿಡದಲ್ಲೂ ಬರುತ್ತದೆ, ಮೀನು ತಂದ ಕವರಿನ ನೀರಿನಲ್ಲೂ ಬರಬಹುದು. ಇದು ಎಲ್ಲರ ಮನೆಯಲ್ಲೂ ಆಗುವುದೇ, ಬೇಗ ಮುಂದೆ ಹೋಗೋಣ.

ಒಂದು ಅನುಮಾನವನ್ನು ಮಾತ್ರ ಈಗಲೇ ತೆಗೆದುಬಿಡುತ್ತೇನೆ. ಗಪ್ಪಿ ತಾಯಿಯೇ ತನ್ನ ಮರಿ ತಿನ್ನುತ್ತದಲ್ಲ? ಹೌದು, ತಿನ್ನುತ್ತದೆ. ಹುಡುಗನಿಗೆ ಅದು ಗೊತ್ತಿತ್ತು. ಮರಿ ಹಾಕಿದ ದಿನವೇ ದೊಡ್ಡ ಮೀನುಗಳನ್ನೆಲ್ಲ ಬೇರೆ ತೊಟ್ಟಿಗೆ ಬಿಟ್ಟಿದ್ದ. ಹಾಗಾದರೆ ಟ್ಯಾಂಕಿನಲ್ಲಿ ಉಳಿದವರು ಯಾರು? ಮರಿಗಳು, ಮತ್ತೆ ಕರೆಯದೆ ಬಂದವರು.

[ದೃಶ್ಯ: ಬಿಳಿ ತಟ್ಟೆಯಲ್ಲಿ ಮೂರು ಬಸವನಹುಳು, ಹತ್ತಿರದಿಂದ.]

ಮೊದಲ ಆರೋಪಿ ಬಸವನಹುಳು. ಮೂರು ಥರ ಸಿಕ್ಕವು.

ಚಕ್ಕುಲಿ ಸುತ್ತಿದ ಹಾಗೆ ಚಪ್ಪಟೆಯಾಗಿರುವುದು ರ‍್ಯಾಮ್ಸ್‌ಹಾರ್ನ್. ಇದರ ರಕ್ತ ಕೆಂಪು, ನಮ್ಮ ಹಾಗೆ ಹಿಮೋಗ್ಲೋಬಿನ್ ಇದೆ. ಆಮ್ಲಜನಕ ಕಮ್ಮಿ ಇರುವ ಕೆಸರು ನೀರಿನಲ್ಲಿ ಬದುಕಲು ಅದೇ ನೆರವು.

ಎರಡನೆಯದು ಬ್ಲ್ಯಾಡರ್ ಸ್ನೇಲ್. ಗಣಪತಿಯ ಸೊಂಡಿಲು ಎಡಮುರಿಯೋ ಬಲಮುರಿಯೋ ಅಂತ ನೋಡುತ್ತೇವಲ್ಲ, ಇದನ್ನೂ ಹಾಗೇ ನೋಡಿ ಗುರುತು ಹಿಡಿಯಬಹುದು. ಚಿಪ್ಪಿನ ಚೂಪು ತುದಿ ಮೇಲೆ ಬರಲಿ, ಬಾಯಿ ನಿಮ್ಮ ಕಡೆ ಇರಲಿ. ಬಾಯಿ ಎಡಕ್ಕೆ ಬಂದರೆ ಬ್ಲ್ಯಾಡರ್ ಸ್ನೇಲ್. ಅದೇ ಆಕಾರ ಇದ್ದು ಬಾಯಿ ಬಲಕ್ಕೆ ಬಂದರೆ ಪಾಂಡ್ ಸ್ನೇಲ್.

ಮೂರನೆಯದು ಐಸ್‌ಕ್ರೀಮ್ ಕೋನಿನ ಹಾಗೆ ಉದ್ದ. ಹಗಲು ಜಲ್ಲಿಯೊಳಗೆ ಹೂತುಕೊಂಡು ರಾತ್ರಿ ಹೊರಗೆ ಬರುತ್ತದೆ. ಅಂಗಡಿಯವರು ಮಲೇಷಿಯನ್ ಟ್ರಂಪೆಟ್ ಸ್ನೇಲ್ ಅನ್ನುತ್ತಾರೆ. ಆದರೆ 1774ರಲ್ಲಿ ಡೆನ್ಮಾರ್ಕಿನ ವಿಜ್ಞಾನಿ ಮ್ಯೂಲರ್ ಇದಕ್ಕೆ ಹೆಸರಿಟ್ಟಾಗ ಅವರ ಕೈಯಲ್ಲಿದ್ದ ಮಾದರಿ ಕೋರಮಂಡಲ ತೀರದ್ದು. ಅಂದರೆ ನಮ್ಮ ಪೂರ್ವದ ಕರಾವಳಿಯದ್ದು. ಇದು ನಮ್ಮ ಕಡೆಯದೇ ಹುಳು. ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ. ಅದಕ್ಕೆ ಗಂಡೂ ಬೇಕಾಗಿಲ್ಲ. ಒಂದು ಒಳಗೆ ಬಂದರೆ ಸಾಕು, ಸಂಸಾರ ಶುರು.

ಇವು ಮೀನಿನ ಮರಿ ತಿನ್ನುತ್ತವಾ? ಇಲ್ಲ. ಓಡಾಡುವ ಮರಿಯನ್ನು ಹಿಡಿಯುವ ವೇಗವೂ ಇಲ್ಲ, ಬಾಯಿಯೂ ಇಲ್ಲ. ಇವುಗಳ ಊಟ ಪಾಚಿ, ಕೊಳೆತ ಎಲೆ, ಉಳಿದ ಕಾಳು, ಸತ್ತ ಮೀನು. ಸತ್ತ ಮೀನಿನ ಮೇಲೆ ಕೂತದ್ದನ್ನು ಬೆಳಿಗ್ಗೆ ನೋಡಿ ಇವೇ ಕೊಂದವು ಅಂದುಕೊಳ್ಳುತ್ತೇವೆ. ಪಾಪ, ಇವು ಗುಡಿಸಲು ಬಂದವು.

ಆದರೆ ಇಷ್ಟೊಂದು ಯಾಕೆ ಆದವು? ಇಲ್ಲಿ ನಮ್ಮ ಜಿಲ್ಲೆಗಳ ನೀರಿನ ಪಾತ್ರ ಇದೆ. ಬೋರ್‌ವೆಲ್ ಇಲ್ಲಿ ಸಾವಿರ ಅಡಿ ದಾಟಿದೆ. ಆ ನೀರು ಗಡಸು. ಬಕೆಟ್ಟಿನ ಒಳಗೆ, ನಲ್ಲಿಯ ತುದಿಯಲ್ಲಿ ಬಿಳಿ ಪದರ ಕಟ್ಟುತ್ತದಲ್ಲ, ಅದರಲ್ಲಿ ಹೆಚ್ಚಿನದು ಕ್ಯಾಲ್ಸಿಯಂ ಕಾರ್ಬೊನೇಟ್. ಬಸವನಹುಳುವಿನ ಚಿಪ್ಪು ಕೂಡ ಅದೇ. ಮೆದು ನೀರಿರುವ ಊರಿನಲ್ಲಿ ಇವುಗಳ ಚಿಪ್ಪು ಸವೆದು ತೂತು ಬೀಳುತ್ತದೆ. ನಮ್ಮ ನೀರಿನಲ್ಲಿ ಮನೆ ಕಟ್ಟುವ ಸಾಮಾನು ಪುಕ್ಕಟೆ ಸಿಗುತ್ತದೆ. ಹಾಗಂತ ಆರ್‌ಒ ನೀರು ತುಂಬಿಸಬೇಡಿ. ಗಪ್ಪಿಗೂ ಗಡಸು ನೀರೇ ಇಷ್ಟ.

ಸಾಮಾನು ನೀರಿನದು, ಊಟ ನಮ್ಮದು. ಹುಡುಗ ದಿನಕ್ಕೆ ಮೂರು ಸಲ ಕಾಳು ಹಾಕುತ್ತಿದ್ದ. ಅವನು ಸ್ಕೂಲಿಗೆ ಹೋದ ಮೇಲೆ ಅಜ್ಜಿ ಪ್ರೀತಿಯಿಂದ ಇನ್ನೊಂದು ಸಲ. ಉಂಡು ಮಿಕ್ಕಿದ್ದೆಲ್ಲ ಜಲ್ಲಿಯೊಳಗೆ. ನನಗೆ ಗಾಜಿನ ಮೇಲಿನ ಬಸವನಹುಳುಗಳನ್ನು ನೋಡಿದರೆ ಮಿಕ್ಕಿದ ಅನ್ನದ ಲೆಕ್ಕ ನೋಡಿದ ಹಾಗೇ ಅನ್ನಿಸುತ್ತದೆ. ಎಷ್ಟು ಮಿಕ್ಕಿತೋ ಅಷ್ಟು ಹುಳು. ಔಷಧಿ ಹಾಕಿ ಕೊಂದರೂ ಊಟ ಉಳಿಯುತ್ತಿದ್ದರೆ ಮತ್ತೆ ಬರುತ್ತವೆ.

[ದೃಶ್ಯ: ಗಾಜಿನ ಮೇಲೆ ಕೂದಲಿನಂಥ ಬಿಳಿ ಹುಳುಗಳು.]

ಎರಡನೇ ಆರೋಪಿ ಬಿಳಿ ಹುಳು. ಅಮ್ಮನಿಗೆ ಇದನ್ನು ಕಂಡರೆ ಆಗುತ್ತಿರಲಿಲ್ಲ, "ಜಂತುಹುಳು ಇರಬೇಕು" ಅಂದರು. ಅಲ್ಲ. ಕೂದಲಿನಷ್ಟು ಸಣ್ಣಗೆ, ಹಾವಿನ ಹಾಗೆ ಬಳುಕುತ್ತಾ ಈಜಿದರೆ ಅದು ಎರೆಹುಳುವಿನ ದೂರದ ನೆಂಟ. ಜಲ್ಲಿಯ ಕೊಳೆ ತಿಂದು ಬದುಕುತ್ತದೆ, ಯಾರಿಗೂ ತೊಂದರೆ ಇಲ್ಲ. ಒಮ್ಮೆಲೇ ನೂರಾರು ಹೊರಗೆ ಬಂದರೆ ಮಾತ್ರ ಎಚ್ಚರ. ತಳದಲ್ಲಿ ಕೊಳೆ ಜಾಸ್ತಿಯಾಗಿ ಆಮ್ಲಜನಕ ಕಮ್ಮಿಯಾಗಿದೆ ಅಂತ ಅರ್ಥ.

ಬಳುಕದೆ, ಗಾಜಿನ ಮೇಲೆ ಇಸ್ತ್ರಿ ಪೆಟ್ಟಿಗೆ ಜಾರಿದ ಹಾಗೆ ನುಣ್ಣಗೆ ಹೋದರೆ, ತಲೆ ತ್ರಿಕೋನವಾಗಿದ್ದರೆ, ಎರಡು ಕಣ್ಣಿನ ಚುಕ್ಕಿ ಇದ್ದರೆ ಅದು ಪ್ಲಾನೇರಿಯಾ. ಸೀಗಡಿ ಸಾಕುವವರಿಗೆ ಇದು ನಿಜವಾದ ತಲೆನೋವು. ಮೀನಿನ ಮೊಟ್ಟೆಯನ್ನೂ ಬಿಡುವುದಿಲ್ಲ. ದಯವಿಟ್ಟು ಬ್ಲೇಡಿನಿಂದ ಕೆರೆದು ತುಂಡು ಮಾಡಬೇಡಿ. ಅಮೆರಿಕದ ಥಾಮಸ್ ಹಂಟ್ ಮಾರ್ಗನ್ 1898ರಲ್ಲಿ ಇದನ್ನು ಕತ್ತರಿಸಿ ಕತ್ತರಿಸಿ ನೋಡಿದರು. ಮೈಯ 279ನೇ ಒಂದು ಭಾಗದಷ್ಟು ಚೂರಿನಿಂದಲೂ ಪೂರ್ತಿ ಹುಳು ಬೆಳೆಯಬಹುದು ಅಂತ ಕಂಡಿತು. ರಕ್ತಬೀಜಾಸುರನ ಕಥೆಯೇ! ಸಣ್ಣ ಬಾಟಲಿಗೆ ಮಾಂಸದ ಚೂರು ಹಾಕಿ, ಮುಚ್ಚಳಕ್ಕೆ ಸಣ್ಣ ತೂತು ಮಾಡಿ ರಾತ್ರಿ ಮುಳುಗಿಸಿ. ಬೆಳಿಗ್ಗೆ ಬಾಟಲಿ ಸಮೇತ ಎತ್ತಿಬಿಡಿ.

ಈ ಟ್ಯಾಂಕಿನಲ್ಲಿ ಪ್ಲಾನೇರಿಯಾ ಇರಲಿಲ್ಲ. ಪುಟ್ಟ ಕೈಗಳನ್ನು ಬೀಸಿ ಮರಿ ಹಿಡಿಯುವ ಹೈಡ್ರಾ ಕೂಡ ಕಾಣಲಿಲ್ಲ. ಹಾಗಾದರೆ ದಿನಕ್ಕೊಂದು ಮರಿ ಎಲ್ಲಿ ಹೋಗುತ್ತಿದೆ?

[ದೃಶ್ಯ: ಕತ್ತಲು. ಟಾರ್ಚ್ ನಿಧಾನವಾಗಿ ಹೈಡ್ರಿಲ್ಲಾದ ಬುಡಕ್ಕೆ ಹೋಗುತ್ತದೆ.]

ರಾತ್ರಿ ಒಂಬತ್ತಕ್ಕೆ ಲೈಟ್ ಆರಿಸಿ ಟಾರ್ಚ್ ಹಿಡಿದು ಕೂತೆವು. ಹುಡುಗನೇ ಮೊದಲು ನೋಡಿದ. "ಅಣ್ಣಾ, ಆ ಕಡ್ಡಿಗೆ ಕಣ್ಣಿದೆ."

ಮಣ್ಣಿನ ಬಣ್ಣ, ಆರು ಕಾಲು, ಎರಡು ದೊಡ್ಡ ಕಣ್ಣು. ಏರೋಪ್ಲೇನ್ ಚಿಟ್ಟೆಯ ಮರಿ! ಮಳೆ ನಿಂತ ಮೇಲೆ ಬಯಲಿನಲ್ಲಿ ಹಿಂಡು ಹಿಂಡಾಗಿ ಹಾರುತ್ತದಲ್ಲ, ಅದರ ಬಾಲ್ಯ ಪೂರ್ತಿ ನೀರಿನೊಳಗೆ. ಇದೂ ಅದೇ ಹೈಡ್ರಿಲ್ಲಾದಲ್ಲಿ ಬಂದಿತ್ತು.

ಇದು ಬೇಟೆ ಹಿಡಿಯುವ ರೀತಿಯನ್ನು ನಾನು ಹೇಳಲೇಬೇಕು, ಸ್ವಲ್ಪ ಸಮಯ ಕೊಡಿ. ಕೆರೆ ಹೂಳೆತ್ತುವ ಜೆಸಿಬಿ ನೋಡಿದ್ದೀರಿ ಅಲ್ವಾ? ಕೈ ಮಡಚಿಕೊಂಡು ನಿಂತಿರುತ್ತದೆ, ಆಮೇಲೆ ಉದ್ದಕ್ಕೆ ಚಾಚಿ, ಹಲ್ಲಿನ ಬಕೆಟ್ಟಿನಲ್ಲಿ ಮಣ್ಣು ಬಾಚಿ, ಮತ್ತೆ ಹತ್ತಿರಕ್ಕೆ ಎಳೆದುಕೊಳ್ಳುತ್ತದೆ. ಈ ಹುಳುವಿನ ಕೆಳತುಟಿ ಥೇಟ್ ಹಾಗೇ ಇದೆ. ಗಲ್ಲದ ಕೆಳಗೆ ಮಡಚಿಕೊಂಡಿರುತ್ತದೆ. ತುದಿಯಲ್ಲಿ ಎರಡು ಕೊಕ್ಕೆ. ಮರಿ ಹತ್ತಿರ ಬಂದ ತಕ್ಷಣ ತುಟಿ ಮುಂದಕ್ಕೆ ಚಿಮ್ಮುತ್ತದೆ, ಕೊಕ್ಕೆ ಮುಚ್ಚುತ್ತದೆ, ಬೇಟೆ ಬಾಯಿಗೆ ಬರುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಎಲ್ಲ ಮುಗಿದಿರುತ್ತದೆ.

[ದೃಶ್ಯ: ನಿಧಾನಗತಿ. ಬಾಟಲಿಯಲ್ಲಿ ಅದೇ ಹುಳು ಸೊಳ್ಳೆ ಮರಿಯನ್ನು ಹಿಡಿಯುತ್ತದೆ. ಮತ್ತೊಮ್ಮೆ ತೋರಿಸಿ.]

ಮತ್ತೊಮ್ಮೆ ನೋಡಿ. ಜೆಸಿಬಿ ಕೈ ಓಡುವುದು ಎಣ್ಣೆಯ ಒತ್ತಡದಿಂದ. ಈ ಹುಳುವೂ ಮೈಯೊಳಗಿನ ನೀರಿನ ಒತ್ತಡದಿಂದಲೇ ತುಟಿ ಚಿಮ್ಮಿಸುತ್ತದೆ ಅಂತ ಬಹಳ ಕಾಲ ನಂಬಿದ್ದರು. 2021ರಲ್ಲಿ ಜರ್ಮನಿಯ ಕೀಲ್ ವಿಶ್ವವಿದ್ಯಾಲಯದ ಸಂಶೋಧಕರು ಬೇರೆ ಮಾತು ಹೇಳಿದರು. ಇದು ಜೆಸಿಬಿಗಿಂತ ಕವಣೆಗೆ ಹತ್ತಿರ. ರಬ್ಬರ್ ಎಳೆದು ಹಿಡಿದು ಬಿಡುತ್ತೇವಲ್ಲ, ಹಾಗೆ ಶಕ್ತಿಯನ್ನು ಮೊದಲೇ ಕೂಡಿಟ್ಟುಕೊಂಡು ಒಮ್ಮೆಲೇ ಬಿಡುತ್ತದೆ. ಅದೂ ಒಂದಲ್ಲ, ಎರಡು ಕವಣೆ. ಅದನ್ನು ನೋಡಿ ಅವರು ಒಂದು ಪುಟ್ಟ ರೋಬಾಟನ್ನೂ ಮಾಡಿದರು. ಚಿಂತಾಮಣಿಯ ಹಾಲ್‌ನಲ್ಲಿ, ಟಿವಿ ಪಕ್ಕದಲ್ಲಿ, ಅಂಥ ಯಂತ್ರ ತನ್ನ ಪಾಡಿಗೆ ಕೂತಿತ್ತು!

ಉಸಿರಾಟ ಇನ್ನೂ ವಿಚಿತ್ರ. ಕಿವಿರು ಇರುವುದು ಗುದದ್ವಾರದ ಒಳಗೆ. ಅಲ್ಲಿಂದ ನೀರು ಎಳೆದುಕೊಳ್ಳುತ್ತದೆ. ಹೆದರಿದರೆ ಆ ನೀರನ್ನು ಜೋರಾಗಿ ಹಿಂದಕ್ಕೆ ಬಿಟ್ಟು ರಾಕೆಟ್ಟಿನ ಹಾಗೆ ಮುಂದಕ್ಕೆ ನುಗ್ಗುತ್ತದೆ. ಬಲೆ ಹಾಕಿದಾಗ ಎರಡು ಸಲ ತಪ್ಪಿಸಿಕೊಂಡಿದ್ದು ಹೀಗೇ.

ಸರಿ, ಸಮಯ ಓಡುತ್ತಿದೆ. ಏನು ಮಾಡಬೇಕು ಅನ್ನುವುದನ್ನು ಬೇಗ ಹೇಳುತ್ತೇನೆ.

ಮರಿಗಳಿಗೆ ಆಗಾಗ ಊಟ ಬೇಕು, ನಿಜ. ಆದರೆ ಒಂದು ಸಲಕ್ಕೆ ಚಿಟಿಕೆಯಷ್ಟು, ಎರಡು ನಿಮಿಷದಲ್ಲಿ ಖಾಲಿಯಾಗುವಷ್ಟು ಸಾಕು. ವಾರಕ್ಕೊಮ್ಮೆ ಪೈಪಿನಿಂದ ಜಲ್ಲಿಯ ಕೊಳೆ ಎಳೆಯಿರಿ. ಪೈಪಿಗೆ ಬಾಯಿ ಹಾಕಿ ಎಳೆಯಬೇಡಿ. ಕೆರೆಯ ಬಸವನಹುಳುವಿನಲ್ಲಿ ಪರಾವಲಂಬಿ ಹುಳು ಇರಬಹುದು. ನಮ್ಮ ದೇಶದ ಕೆರೆಗಳ ರ‍್ಯಾಮ್ಸ್‌ಹಾರ್ನಿನಿಂದಲೇ ದನಗಳಿಗೆ ಮೂಗು ಕಟ್ಟಿ ಗೊರಗೊರ ಉಸಿರಾಡುವ ಕಾಯಿಲೆ ಹರಡುತ್ತದೆ. ಕೈ ಸೋಪಿನಲ್ಲಿ ತೊಳೆಯಿರಿ.

ಬಸವನಹುಳು ತೆಗೆಯಬೇಕಾ? ರಾತ್ರಿ ಒಂದು ಸೌತೆಕಾಯಿ ಬಿಲ್ಲೆ ಮುಳುಗಿಸಿ, ಬೆಳಿಗ್ಗೆ ಅದರ ಮೇಲೆ ಕೂತವನ್ನೆಲ್ಲ ಎತ್ತಿ. ತಾಮ್ರ ಇರುವ ಔಷಧಿ ಬೇಡ. ಒಮ್ಮೆಲೇ ನೂರು ಹುಳು ಸತ್ತರೆ ಅವು ಕೊಳೆತು ಅಮೋನಿಯಾ ಏರುತ್ತದೆ, ಮೀನೇ ಸಾಯುತ್ತದೆ. ಸೀಗಡಿಗಂತೂ ತಾಮ್ರ ನೇರ ವಿಷ.

ಕೆಂಪು ದಾರದಂಥ ಮರಿ ಕಂಡರೆ ಅದು ಕಚ್ಚದ ನುಸಿಯ ಲಾರ್ವಾ. ಮೀನಿಗೆ ಹಬ್ಬದೂಟ, ಬಿಟ್ಟುಬಿಡಿ.

ಹೊಸ ಗಿಡ ತಂದರೆ ಮೂರು ವಾರ ಬೇರೆ ಬಕೆಟ್ಟಿನಲ್ಲಿಡಿ. ಮೊಟ್ಟೆ ಒಡೆದು ಬಂದದ್ದೆಲ್ಲ ಅಲ್ಲೇ ಸಿಗುತ್ತದೆ. ಆದರೆ ಆ ಬಕೆಟ್ಟಿನಲ್ಲಿ ಮೀನಿಲ್ಲ! ಅಲ್ಲಿ ಡೆಂಗಿ ಸೊಳ್ಳೆ ಮೊಟ್ಟೆ ಇಟ್ಟರೆ ಹತ್ತೇ ದಿನದಲ್ಲಿ ಸೊಳ್ಳೆ ಹಾರುತ್ತದೆ. ಬಾಯಿಗೆ ಸೊಳ್ಳೆಪರದೆ ಬಟ್ಟೆ ಕಟ್ಟಿ, ವಾರಕ್ಕೊಮ್ಮೆ ನೀರು ಚೆಲ್ಲಿ ಒಳಗೆ ಉಜ್ಜಿ. ಆಶಾ ಕಾರ್ಯಕರ್ತೆ ಅಕ್ಕ ಮನೆಗೆ ಬಂದು ತೊಟ್ಟಿ ನೋಡುವುದು ಇದಕ್ಕೇ. ಮೀನಿರುವ ಟ್ಯಾಂಕಿನಲ್ಲಿ ಆ ಭಯ ಇಲ್ಲ. ನಮ್ಮ ಕೋಲಾರ ಜಿಲ್ಲೆಯ ಹಳ್ಳಿಗಳಲ್ಲೇ ಮಲೇರಿಯಾ ತಡೆಯಲು ಬಾವಿಗಳಿಗೆ ಗಪ್ಪಿ ಬಿಟ್ಟಿದ್ದರು. ಇದರ ಮೇಲೆ ಒಂದು ಪೂರ್ತಿ ವಿಡಿಯೋ ಮಾಡುತ್ತೇನೆ, ಇವತ್ತು ಆಗುವುದಿಲ್ಲ.

ಬೇಡದ ಹುಳು, ಮೀನು ಯಾವುದನ್ನೂ ಕೆರೆಗೆ ಚೆಲ್ಲಬೇಡಿ.

ಆ ಏರೋಪ್ಲೇನ್ ಚಿಟ್ಟೆ ಮರಿ ಏನಾಯಿತು? ಸಾಯಿಸೋಣ ಅಂತ ಅಮ್ಮ ಹೇಳಿದರು. ಹುಡುಗ ಒಪ್ಪಲಿಲ್ಲ. ದೊಡ್ಡ ಬಾಟಲಿಗೆ ಟ್ಯಾಂಕಿನ ನೀರು ತುಂಬಿಸಿ ಅದನ್ನು ಬಿಟ್ಟ. ಮಹಡಿಯ ಡ್ರಮ್ಮಿನಿಂದ ಸೊಳ್ಳೆ ಮರಿ ಹಿಡಿದು ದಿನಾ ಹಾಕಿದ. ನಾನು ಹೇಳಿದ ಹಾಗೆ ಒಂದು ಒರಟು ಕಡ್ಡಿಯನ್ನು ನೀರಿನಿಂದ ಮೇಲೆ ಬರುವಂತೆ ನಿಲ್ಲಿಸಿದ.

ಮೂರು ವಾರ ಆದ ಮೇಲೆ ಬೆಳಿಗ್ಗೆ ಆರಕ್ಕೆ ಮೆಸೇಜ್ ಬಂತು.

[ದೃಶ್ಯ: ಹುಡುಗ ಕಳಿಸಿದ ಫೋಟೋ. ಕಡ್ಡಿಯ ತುದಿಗೆ ಅಂಟಿಕೊಂಡ ಖಾಲಿ ಪೊರೆ. ಬೆನ್ನು ಸೀಳಿದೆ.]

"ಅಣ್ಣಾ, ಪೊರೆ ಮಾತ್ರ ಇದೆ. ಚಿಟ್ಟೆ ಕಿಟಕಿಯ ಸರಳಿನ ಮೇಲೆ ಕೂತಿದೆ, ರೆಕ್ಕೆ ಒಣಗಿಸ್ಕೊಳ್ತಿದೆ. ಮರಿ ಎಣಿಸಿದೆ, ನಾಲ್ಕೂ ಇದೆ."