ವಿಷ ತಿನ್ನೋ ಜಿಎಂ ಗಿಡ ಖರೇನೇ ಅದಾವ, ಆದ್ರ ಯಾವ ವಿಷ ತಿಂತಾವ?

[ಸ್ಕ್ರೀನ್ ಮ್ಯಾಲ: ತಿಕೋಟಾ ಕಡಿ ದ್ರಾಕ್ಷಿ ತೋಟ, ಬೋರ್ಡೋ ಹೊಡದ ಎಲಿ]

ನಮಸ್ಕಾರ್ರಿ. ದ್ರಾಕ್ಷಿ ತೋಟ ಇದ್ದವ್ರು ಸ್ವಲ್ಪ ಲಕ್ಷ್ಯ ಕೊಟ್ಟ ಕೇಳ್ರಿ. ಡೌನಿ ರೋಗ ಬರಬಾರ್ದಂತ ಮೈಲುತುತ್ತ ಸುಣ್ಣ ಕೂಡ್ಸಿ ಬೋರ್ಡೋ ಹೊಡಿತೀವಲ್ಲ, ಅದ್ರಾಗಿನ ತಾಮ್ರ ಕೊಳಿಯೂದಿಲ್ಲ, ಮ್ಯಾಲಿನ ಮಣ್ಣಿನಾಗ ವರ್ಷಾ ವರ್ಷಾ ಕೂಡ್ಕೋತ ಹೋಗ್ತದ, ಯುರೋಪಿನ ಹಳೇ ದ್ರಾಕ್ಷಿ ತೋಟದಾಗ ಇದ ದೊಡ್ಡ ತಲಿನೋವು. ಜೀನ್ ಬದಲ್ ಮಾಡಿದ ಗಿಡ, ಅಂದ್ರ ಜಿಎಂ ಗಿಡ, ಹಚ್ಚಿದ್ರ ಆ ತಾಮ್ರ ತಗೀತದೇನು?

ಮೊದ್ಲ ಗೆದ್ದ ಕಥಿ ಹೇಳ್ತೀನಿ. ಆರ್‌ಡಿಎಕ್ಸ್, ಹೌದ್ರಿ ಅದ ಬಾಂಬಿಂದು, ಮಿಲಿಟರಿ ಫೈರಿಂಗ್ ರೇಂಜಿನ ಮಣ್ಣಿಗೆ ಬಿದ್ದು ಅಲ್ಲಿಂದ ಅಂತರ್ಜಲಕ್ಕ ಇಳೀತದ. ಅಂಥಾ ಮಣ್ಣಿನಾಗ ಅದನ್ನ ತಿಂದ ಬದುಕೋ ಬ್ಯಾಕ್ಟೀರಿಯಾ ಸಿಕ್ತು, ಇಂಗ್ಲೆಂಡಿನ ಯಾರ್ಕ್ ಯುನಿವರ್ಸಿಟಿಯವ್ರು ಅದರ ಜೀನ್ ತಗದು ಸ್ವಿಚ್‌ಗ್ರಾಸ್ ಅನ್ನೋ ಹುಲ್ಲಿಗೆ ಹಾಕಿದ್ರು, ನ್ಯೂಯಾರ್ಕ್ ರಾಜ್ಯದ ಫೋರ್ಟ್ ಡ್ರಮ್ ಮಿಲಿಟರಿ ಜಾಗಾದಾಗ ಬೆಳಸಿ ನೋಡಿದ್ರು. ರಿಸಲ್ಟ್ 2021ರಾಗ ಬಂತು, ಹುಲ್ಲು ಆರ್‌ಡಿಎಕ್ಸ್ ಹೀರಿ ಒಳಗ ಒಡದ ಹಾಕ್ತದ. ಮುಗೀತು, ವಿಷಾನ ಇಲ್ಲ!

[ಕಟ್: ಪಾದರಸದ ಹನಿ]

ಲೋಹದ್ದು ಹಂಗಲ್ಲ. ಅದನ್ನ ಯಾವ ಜೀನೂ ಒಡ್ಯಾಕ ಆಗೂದಿಲ್ಲ, ಜಾಗಾ ಬದಲ್ ಮಾಡಬಹುದಷ್ಟ. ಅಮೆರಿಕಾದ ಡ್ಯಾನ್‌ಬರಿ ಅಂತ ಊರು, ಮೊದ್ಲ ಟೊಪಗಿ ಫ್ಯಾಕ್ಟರಿಗೆ ಹೆಸರಾಗಿತ್ತು, ಪ್ರಾಣಿ ತುಪ್ಪಳ ಹದ ಮಾಡಾಕ ಪಾದರಸ ಬಳಸಿ ಮಣ್ಣು ಕೆಟ್ಟಿತ್ತು. 2003ರಾಗ ಅಲ್ಲಿ ಬ್ಯಾಕ್ಟೀರಿಯಾ ಜೀನ್ ಹಾಕಿದ ಕಾಟನ್‌ವುಡ್ ಗಿಡ ಹಚ್ಚಿದ್ರು. ಆ ಗಿಡ ಏನ್ ಮಾಡ್ತದಂದ್ರ ಪಾದರಸ ಹೀರಿ, ಕಡಿಮಿ ವಿಷದ ರೂಪಕ್ಕ ತಂದು, ಎಲಿಯಿಂದ ಗಾಳಿಗೆ ಬಿಡ್ತದ. ನನಗಂತೂ ಇದು ಪೂರ್ತಿ ಒಪ್ಪಿಗಿ ಆಗೂದಿಲ್ಲ ನೋಡ್ರಿ, ಗಾಳಿಗೆ ಹೋದದ್ದು ಮತ್ತೆಲ್ಲೋ ಕೆಳಗ ಇಳಿಯೂದ ಅಲ್ಲ?

ತಾಮ್ರಾನೂ ಲೋಹಾನ. ಹೀರಿದ ಗಿಡಾನ ಕೊಯ್ದು ಹೊಲದ ಹೊರಗ ಒಯ್ಬೇಕು, ಇಲ್ಲಂದ್ರ ಎಲಿ ಉದುರಿ ವಾಪಸ್ ಅದ ಮಣ್ಣಿಗೆ, ಸುಟ್ರ ಬೂದ್ಯಾಗ ಉಳೀತದ, ದನಕ್ಕ ಹಾಕೋ ಹಂಗೂ ಇಲ್ಲ.

ಇನ್ನ ಸವಳು-ಜವಳು ಹೊಲದವ್ರು, ನಿಮ್ಮದು ಉಪ್ಪು ಮತ್ತ ನಿಂತ ನೀರಿನ ಸಮಸ್ಯೆ, ಅದಕ್ಕ ಮೊದ್ಲ ಬಸಿಗಾಲುವಿ ತಗೀರಿ. ಮತ್ತ ನಮ್ಮ ದೇಶದಾಗ ಜಿಎಂ ಗಿಡ ಹೊಲಕ್ಕ ಹಚ್ಚಾಕ ಸರ್ಕಾರದ ಪರ್ಮಿಶನ್ ಬೇಕು, "ಮಣ್ಣು ಕ್ಲೀನ್ ಮಾಡೋ ಜಿಎಂ ಸಸಿ" ಅಂತ ಯಾರರ ಮಾರಾಕ ಬಂದ್ರ ರೊಕ್ಕ ಕೊಡಬ್ಯಾಡ್ರಿ.