ಡೀಸೆಲ್ ಪಿಕಪ್‌ನ ಇಂಧನ ಫಿಲ್ಟರ್ ಮತ್ತು ಪಂಪ್: ಎರಡಕ್ಕೂ ಒಂದೇ ಲೆಕ್ಕ

ಕೇಳುಗರಿಗೆ ನಮಸ್ಕಾರ. ಡೀಸೆಲ್ ಪಿಕಪ್ ವಾಹನಕ್ಕೆ ಇಂಧನ ಫಿಲ್ಟರ್ ಕೊಳ್ಳುವವರು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ: ಇದು ನಮ್ಮ ವಾಹನಕ್ಕೆ ಕೂರುತ್ತದೆಯೇ, ಇದು ಎಷ್ಟು ಮೈಕ್ರಾನ್‌ನದು (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ಫೀಡ್ ಪಂಪ್, ಅಂದರೆ ಟ್ಯಾಂಕಿನಿಂದ ಎಂಜಿನ್ ಕಡೆಗೆ ಡೀಸೆಲ್ ಕಳಿಸುವ ಪಂಪ್, ಕೊಳ್ಳುವವರು ಗಂಟೆಗೆ ಎಷ್ಟು ಲೀಟರ್ ತಳ್ಳುತ್ತದೆ ಎಂದು ವಿಚಾರಿಸಿ, ಹೆಚ್ಚು ತಳ್ಳುವುದನ್ನೇ ಆರಿಸಿಕೊಳ್ಳುತ್ತಾರೆ. ಈ ಪ್ರಶ್ನೆಗಳು ತಪ್ಪಲ್ಲ, ಆದರೆ ಇಷ್ಟಕ್ಕೇ ಆಯ್ಕೆ ಮುಗಿಯುವುದಿಲ್ಲ. ಡೀಸೆಲ್ಲನ್ನು ಎಷ್ಟು ಸೂಕ್ಷ್ಮವಾಗಿ ಸೋಸಬೇಕು ಎಂಬುದನ್ನು ಎಂಜಿನ್ನಿನ ಇಂಜೆಕ್ಷನ್ ವ್ಯವಸ್ಥೆ, ಅಂದರೆ ಡೀಸೆಲ್ಲನ್ನು ಸಿಲಿಂಡರಿನೊಳಗೆ ಸಿಂಪಡಿಸುವ ವ್ಯವಸ್ಥೆ, ನಿರ್ಧರಿಸುತ್ತದೆ. ಅಷ್ಟು ಸೂಕ್ಷ್ಮವಾದ ಫಿಲ್ಟರಿನ ಮೂಲಕ ಡೀಸೆಲ್ಲನ್ನು ಹಾಯಿಸುವ ಬಲ ಪಂಪ್‌ಗೆ ಇರಬೇಕಾಗುತ್ತದೆ. ಆದ್ದರಿಂದ ಇವೆರಡನ್ನೂ ಒಂದೇ ಲೆಕ್ಕದೊಳಗೆ ತಂದು ಆರಿಸಬೇಕು ಎಂಬುದೇ ನಾನು ಇಂದು ಹೇಳಹೊರಟಿರುವ ಮಾತು.

ಮೊದಲು ಇಂಜೆಕ್ಷನ್ ವ್ಯವಸ್ಥೆಯನ್ನು ನೋಡೋಣ. ಹಳೆಯ ಯಾಂತ್ರಿಕ ಇನ್‌ಲೈನ್ ಪಂಪ್‌ಗಳಲ್ಲಿ ಕ್ಯಾಮ್ ಇರುವ ಭಾಗಕ್ಕೆ ಆಯಿಲ್ ಬೇರೆಯಾಗಿ ಸಿಗುತ್ತಿತ್ತು, ಒತ್ತಡವೂ ಕೆಲವು ನೂರು ಬಾರ್‌ಗಳಷ್ಟೇ ಇರುತ್ತಿತ್ತು. 1990ರ ದಶಕದ ನಡುವಿನಿಂದ ಕಾಮನ್ ರೈಲ್ ವ್ಯವಸ್ಥೆ ಬಂತು; ಇದರಲ್ಲಿ ಅಧಿಕ ಒತ್ತಡದ ಪಂಪ್ ಡೀಸೆಲ್ಲನ್ನು ರೈಲ್ ಎಂಬ ಒಂದೇ ಕೊಳವೆಗೆ ತುಂಬುತ್ತದೆ, ಎಲ್ಲ ಇಂಜೆಕ್ಟರ್‌ಗಳಿಗೂ ಅದು ಅಲ್ಲಿಂದ ಹೋಗುತ್ತದೆ. 1995ರಲ್ಲಿ ಡೆನ್ಸೊ ಸಂಸ್ಥೆಯ ವ್ಯವಸ್ಥೆ ಟ್ರಕ್ಕಿನಲ್ಲಿಯೂ, 1997ರಲ್ಲಿ ಬಾಷ್ ಸಂಸ್ಥೆಯ ವ್ಯವಸ್ಥೆ ಕಾರಿನಲ್ಲಿಯೂ ಮಾರುಕಟ್ಟೆ ಸೇರಿದವು. ಇಂದಿನ ಕಾಮನ್ ರೈಲ್ ಎಂಜಿನ್‌ಗಳಲ್ಲಿ ಒತ್ತಡ 2,000 ಬಾರ್ ತಲುಪುತ್ತದೆ, ಕೆಲವದರಲ್ಲಿ ಅದನ್ನೂ ಮೀರುತ್ತದೆ. ಇಂಜೆಕ್ಟರಿನೊಳಗೆ ಚಲಿಸುವ ಭಾಗಗಳ ನಡುವಿನ ಸಂದು ಕೆಲವೇ ಮೈಕ್ರಾನ್‌ಗಳಷ್ಟಿದ್ದರೆ, ಮನುಷ್ಯನ ಕೂದಲಿನ ದಪ್ಪ ಸುಮಾರು 70 ಮೈಕ್ರಾನ್. ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣವೂ ಅಲ್ಲಿ ಗೀರು ಹಾಕಬಲ್ಲದು. ಇದಕ್ಕಿಂತ ಮುಖ್ಯವಾದದ್ದು, ಈ ಅಧಿಕ ಒತ್ತಡದ ಪಂಪ್‌ಗಳ ಒಳಭಾಗಗಳಿಗೆ ಸಾಮಾನ್ಯವಾಗಿ ಹರಿದುಬರುವ ಡೀಸೆಲ್ಲೇ ಎಣ್ಣೆಯಂತೆ ಜಾರುಗುಣ ಒದಗಿಸಬೇಕು, ಬಿಸಿಯನ್ನೂ ಅದೇ ಹೊತ್ತೊಯ್ಯಬೇಕು. ಆದ್ದರಿಂದ ಡೀಸೆಲ್ ಕೊಳೆಯಾದರೂ ಅಪಾಯ, ಕಡಿಮೆಯಾದರೂ ಅಪಾಯ. ಕೊಳೆಯನ್ನು ತಡೆಯುವುದು ಫಿಲ್ಟರ್, ಕೊರತೆಯನ್ನು ತಡೆಯುವುದು ಫೀಡ್ ಪಂಪ್; ಒಂದರ ಕೆಲಸ ಹೆಚ್ಚಿದಷ್ಟೂ ಇನ್ನೊಂದರ ಮೇಲೆ ಭಾರ ಬೀಳುತ್ತದೆ.

ಇನ್ನು ಪೆಟ್ಟಿಗೆಯ ಮೇಲಿನ ಮೈಕ್ರಾನ್ ಸಂಖ್ಯೆ. ಎರಡು ಫಿಲ್ಟರ್‌ಗಳ ಮೇಲೂ 5 ಮೈಕ್ರಾನ್ ಎಂದೇ ಅಚ್ಚಾಗಿರಬಹುದು. ಆದರೂ ಒಂದು ಆ ಗಾತ್ರದ ಕಣಗಳಲ್ಲಿ ಅರ್ಧದಷ್ಟನ್ನು ಮಾತ್ರ ಹಿಡಿಯುತ್ತಿರಬಹುದು, ಇನ್ನೊಂದು ನೂರಕ್ಕೆ ತೊಂಬತ್ತೊಂಬತ್ತನ್ನು ಹಿಡಿಯುತ್ತಿರಬಹುದು. ಈ ವ್ಯತ್ಯಾಸ ಬೀಟಾ ಅನುಪಾತ ಎಂಬ ಅಳತೆಯಿಂದ ಗೊತ್ತಾಗುತ್ತದೆ. ಒಂದು ಗೊತ್ತಾದ ಗಾತ್ರದ ಮತ್ತು ಅದಕ್ಕಿಂತ ದೊಡ್ಡದಾದ ಕಣಗಳು ಫಿಲ್ಟರಿಗೆ ಮೊದಲು ಎಷ್ಟಿದ್ದವು, ಫಿಲ್ಟರ್ ದಾಟಿದ ಮೇಲೆ ಎಷ್ಟು ಉಳಿದವು ಎಂದು ಎಣಿಸಿ, ಮೊದಲ ಸಂಖ್ಯೆಯನ್ನು ಎರಡನೆಯದರಿಂದ ಭಾಗಿಸಿದರೆ ಬರುವುದೇ ಬೀಟಾ. ಬೀಟಾ 2 ಎಂದರೆ ಅರ್ಧದಷ್ಟು ಕಣಗಳು ದಾಟಿಹೋದವು ಎಂದರ್ಥ; ಬೀಟಾ 75 ಎಂದರೆ ಶೇಕಡಾ 98.7ರಷ್ಟು, ಬೀಟಾ 200 ಎಂದರೆ ಶೇಕಡಾ 99.5ರಷ್ಟು ಕಣಗಳು ಸಿಕ್ಕಿಬಿದ್ದವು ಎಂದರ್ಥ. ಇಂಧನ ಫಿಲ್ಟರ್‌ಗಳ ಈ ಪರೀಕ್ಷೆಗೆ ಐಎಸ್‌ಒ 19438 ಎಂಬ ಮಾನದಂಡವಿದೆ. ದಕ್ಷತೆಯ ಶೇಕಡಾವಾರನ್ನು ಹೇಳದೆ ಮೈಕ್ರಾನ್ ಸಂಖ್ಯೆಯೊಂದನ್ನೇ ಸಾರುವ ಫಿಲ್ಟರಿಗಿಂತ, ಎಷ್ಟು ಮೈಕ್ರಾನ್‌ನಲ್ಲಿ ಎಷ್ಟು ಶೇಕಡಾ ಎಂದು ಸ್ಪಷ್ಟವಾಗಿ ಬರೆದಿರುವ ಫಿಲ್ಟರನ್ನೇ ನಾನು ಆರಿಸುತ್ತೇನೆ. ತಯಾರಕರು ಆ ಮಾಹಿತಿ ಕೊಡದಿದ್ದರೆ, ವಾಹನ ತಯಾರಿಸಿದವರು ಸೂಚಿಸಿರುವ ಮೂಲ ಫಿಲ್ಟರಿನಲ್ಲೇ ಉಳಿಯುವುದು ಕ್ಷೇಮ.

ಹಾಗಾದರೆ ಅತ್ಯಂತ ಸೂಕ್ಷ್ಮವಾದ ಫಿಲ್ಟರನ್ನು ಎಲ್ಲಾದರೂ ಒಂದು ಕಡೆ ಕೂರಿಸಿದರೆ ಸಾಕೇ? ಸಾಲದು. ಎಲ್ಲಿ ಕೂರಿಸುತ್ತೇವೆ ಎಂಬುದು ಅಷ್ಟೇ ಮುಖ್ಯ. ಪಂಪ್ ಡೀಸೆಲ್ಲನ್ನು ಎಳೆದುಕೊಳ್ಳುವ ಕಡೆಯನ್ನು ಹೀರುವ ಬದಿ ಎಂದೂ, ಅದು ಮುಂದಕ್ಕೆ ಕಳಿಸುವ ಕಡೆಯನ್ನು ತಳ್ಳುವ ಬದಿ ಎಂದೂ ಕರೆಯೋಣ. ತಳ್ಳುವ ಬದಿಯಲ್ಲಿ ಪಂಪಿನ ಬಲ ಸಿಗುತ್ತದೆ. ಹೀರುವ ಬದಿಯಲ್ಲಿ ಡೀಸೆಲ್ಲನ್ನು ಮುಂದೊತ್ತುವುದು ಟ್ಯಾಂಕಿನೊಳಗಿನ ಗಾಳಿಯ ಒತ್ತಡ ಮಾತ್ರ. ಅದು ಸಮುದ್ರಮಟ್ಟದಲ್ಲೇ ಸುಮಾರು ಒಂದು ಬಾರ್, ಎತ್ತರದ ಜಾಗಗಳಲ್ಲಿ ಇನ್ನೂ ಕಡಿಮೆ. ಇಷ್ಟು ಅಲ್ಪ ಬಲದ ಎದುರು ತೀರಾ ಸೂಕ್ಷ್ಮವಾದ ಫಿಲ್ಟರ್ ಇಟ್ಟರೆ, ಅದು ಸ್ವಲ್ಪ ಕಟ್ಟಿಕೊಂಡೊಡನೆ ಪೈಪಿನೊಳಗಿನ ಒತ್ತಡ ಇಳಿದು, ಕರಗಿದ್ದ ಗಾಳಿ ಗುಳ್ಳೆಗಳಾಗಿ ಹೊರಬರುತ್ತದೆ. ಸಡಿಲವಾದ ಜೋಡಣೆಗಳಿದ್ದರೆ ಹೊರಗಿನ ಗಾಳಿಯೂ ಒಳಕ್ಕೆ ಸೇರುತ್ತದೆ. ಆದ್ದರಿಂದ ಹೀರುವ ಬದಿಗೆ 10ರಿಂದ 30 ಮೈಕ್ರಾನ್‌ನ, ನೀರು ಬೇರ್ಪಡಿಸುವ, ಅಗಲವಾದ ಫಿಲ್ಟರ್. ತಳ್ಳುವ ಬದಿಗೆ 2ರಿಂದ 5 ಮೈಕ್ರಾನ್‌ನ ಸೂಕ್ಷ್ಮ ಫಿಲ್ಟರ್. ಕಾಮನ್ ರೈಲ್ ಎಂಜಿನ್‌ಗೆ ಎರಡನೆಯ ಫಿಲ್ಟರ್ ಸೇರಿಸುವವರಿಗೆ ಇದೇ ಕ್ರಮವನ್ನು ಹೇಳುತ್ತೇನೆ. ಫೀಡ್ ಪಂಪ್ ಟ್ಯಾಂಕಿನೊಳಗೇ ಇರುವ ವಾಹನಗಳಲ್ಲಿ ಹೊರಗಿನ ಫಿಲ್ಟರ್‌ಗಳೆಲ್ಲ ತಳ್ಳುವ ಬದಿಯಲ್ಲೇ ಇರುತ್ತವೆ, ಅಲ್ಲಿ ಈ ತೊಡಕು ಕಡಿಮೆ.

ಇಂಜಿನ್ ಆಯಿಲ್ ಫಿಲ್ಟರಿನಲ್ಲಿ ಬೈಪಾಸ್ ವಾಲ್ವ್ ಇರುವುದು ವಾಡಿಕೆ. ಫಿಲ್ಟರ್ ಕಟ್ಟಿಕೊಂಡಾಗ ಎಂಜಿನ್‌ಗೆ ಆಯಿಲ್ಲೇ ಸಿಗದಿರುವುದಕ್ಕಿಂತ ಸೋಸದ ಆಯಿಲ್ ಸಿಗುವುದು ಮೇಲು ಎಂಬುದು ಅಲ್ಲಿನ ತರ್ಕ. ಸೂಕ್ಷ್ಮ ಇಂಧನ ಫಿಲ್ಟರಿನಲ್ಲಿ ಸಾಮಾನ್ಯವಾಗಿ ಅಂಥ ದಾರಿ ಇರುವುದಿಲ್ಲ. ಅದು ಕಟ್ಟಿದರೆ ಎಂಜಿನ್ನಿನ ಎಳೆತ ಕುಗ್ಗುತ್ತದೆ. ಇದು ದೋಷವಲ್ಲ, ರಕ್ಷಣೆ. ಆದರೆ ಕುಗ್ಗಿದ ಮೇಲೂ ಎಳೆಸುತ್ತ ಹೋಗಬಾರದು. ಒಂದು ಅಳತೆ ದೊಡ್ಡದಾದ ಫಿಲ್ಟರ್ ಕೂರಿಸಲು ಜಾಗವಿದ್ದರೆ ಅದನ್ನೇ ಆರಿಸುವುದು ಒಳ್ಳೆಯದು; ಸೋಸುವ ಹಾಳೆಯ ವಿಸ್ತೀರ್ಣ ಹೆಚ್ಚಿದಷ್ಟೂ ಅಡ್ಡಿ ಕಡಿಮೆ, ಬಾಳಿಕೆ ಹೆಚ್ಚು.

ನೀರಿನ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ಧೂಳಿಗಿಂತ ನೀರು ಮಾಡುವ ಹಾನಿ ಬೇಗನೆ ಆಗುತ್ತದೆ. ಅರ್ಧ ತುಂಬಿದ ಟ್ಯಾಂಕಿನೊಳಗಿನ ಗಾಳಿ ರಾತ್ರಿ ತಣ್ಣಗಾದಾಗ ಅದರಲ್ಲಿನ ತೇವ ಹನಿಗಟ್ಟಿ ಕೆಳಗಿಳಿಯುತ್ತದೆ; ನೀರು ಡೀಸೆಲ್ಲಿಗಿಂತ ಭಾರವಾದ್ದರಿಂದ ತಳದಲ್ಲಿ ನಿಲ್ಲುತ್ತದೆ. ನೀರಿಗೆ ಜಾರುಗುಣವಿಲ್ಲ. ಅದು ಉಕ್ಕಿನ ಭಾಗಗಳಲ್ಲಿ ತುಕ್ಕು ತರಿಸುತ್ತದೆ. ನೀರು ಮತ್ತು ಡೀಸೆಲ್ ಸೇರುವ ಗಡಿಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆಯಾಗಿ ಫಿಲ್ಟರನ್ನು ಮುಚ್ಚಿಬಿಡುತ್ತವೆ. ಬಿಡಿ ಹನಿಗಳನ್ನು ಬೇರ್ಪಡಿಸುವುದು ಸುಲಭ. ಆದರೆ ಪಂಪಿನ ಕಡೆತಕ್ಕೆ ಸಿಕ್ಕಿ ಮಂಜಿನಂತೆ ಒಡೆದ ನೀರನ್ನು ಬೇರ್ಪಡಿಸುವುದು ಕಷ್ಟ. ಇದೇ ಕಾರಣಕ್ಕೆ ನೀರು ಬೇರ್ಪಡಿಸುವ ಫಿಲ್ಟರನ್ನು ಪಂಪಿಗಿಂತ ಮೊದಲೇ ಇಡುವುದರಲ್ಲಿ ಲಾಭವಿದೆ. ಜೈವಿಕ ಡೀಸೆಲ್ ಬೆರೆತ ಇಂಧನ ಹೆಚ್ಚು ನೀರನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ, ಹನಿಗಳು ಒಂದುಗೂಡದಂತೆಯೂ ಮಾಡುತ್ತದೆ; ಅಂಥ ಇಂಧನ ಬಳಸುವವರು ಬರಿಯ ಕಾಗದದ ಹಾಳೆಯ ಫಿಲ್ಟರಿಗಿಂತ, ಸಣ್ಣ ಹನಿಗಳನ್ನು ಕೂಡಿಸಿ ದೊಡ್ಡದಾಗಿಸುವ ಸಿಂಥೆಟಿಕ್ ಪದರಗಳ ಫಿಲ್ಟರನ್ನು ಆರಿಸಬೇಕು. ತಳದಲ್ಲಿ ಕೈಗೆ ಸುಲಭವಾಗಿ ಎಟಕುವ ಡ್ರೈನ್ ಕಾಕ್, ಸಾಧ್ಯವಾದರೆ ನೀರಿನ ಸೆನ್ಸರ್ ಇರಲಿ. ಎಟಕದ ಡ್ರೈನ್ ಕಾಕನ್ನು ಯಾರೂ ತೆರೆಯುವುದಿಲ್ಲ.

ಈಗ ಫೀಡ್ ಪಂಪ್. ಎಷ್ಟು ಡೀಸೆಲ್ ಬೇಕು ಎಂಬುದನ್ನು ಲೆಕ್ಕ ಹಾಕಬಹುದು. 100 ಕಿಲೋವ್ಯಾಟ್ ಸಾಮರ್ಥ್ಯದ ಎಂಜಿನ್ ಪೂರ್ಣ ಭಾರದಲ್ಲಿ ಪ್ರತಿ ಕಿಲೋವ್ಯಾಟ್ ಗಂಟೆಗೆ ಸುಮಾರು 220 ಗ್ರಾಂ ಡೀಸೆಲ್ ಸುಡುತ್ತದೆ ಎಂದುಕೊಂಡರೆ, ಗಂಟೆಗೆ 22 ಕಿಲೋಗ್ರಾಂ, ಅಂದರೆ ಸುಮಾರು 26 ಲೀಟರ್ ಆಗುತ್ತದೆ. ಆದರೆ ಗಂಟೆಗೆ 26 ಲೀಟರ್ ಕೊಡುವ ಪಂಪ್ ಸಾಲದು, ಏಕೆಂದರೆ ಅಧಿಕ ಒತ್ತಡದ ಪಂಪನ್ನು ತಂಪಾಗಿಡಲು ಸುಡುವುದಕ್ಕಿಂತ ಹಲವು ಪಟ್ಟು ಡೀಸೆಲ್ ಹರಿದು, ಮಿಕ್ಕದ್ದು ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೆ ಮರಳಬೇಕು. ಫಿಲ್ಟರ್ ಸೋಸಬೇಕಾದದ್ದು ಈ ಒಟ್ಟು ಹರಿವನ್ನು. ಆದ್ದರಿಂದ ಪಂಪಿನ ಹರಿವು ಹೆಚ್ಚಿಸಿದವರು ಫಿಲ್ಟರಿನ ಹರಿವಿನ ಸಾಮರ್ಥ್ಯವನ್ನೂ ಹೆಚ್ಚಿಸಲೇಬೇಕು. ಇಲ್ಲವಾದರೆ ಹಾಳೆಯ ಮೂಲಕ ಡೀಸೆಲ್ ವೇಗವಾಗಿ ನುಗ್ಗಿ ಅದರ ದಕ್ಷತೆಯೇ ಕುಸಿಯುತ್ತದೆ.

ಪಂಪಿನ ಹರಿವಿನ ಸಂಖ್ಯೆಯನ್ನು ಓದುವಾಗ ಅದು ಎಷ್ಟು ಒತ್ತಡದಲ್ಲಿ, ಎಷ್ಟು ವೋಲ್ಟೇಜಿನಲ್ಲಿ ಅಳೆದದ್ದು ಎಂದು ನೋಡಬೇಕು. ಒತ್ತಡವೇ ಇಲ್ಲದೆ ಅಳೆದ ಸಂಖ್ಯೆ ಆಕರ್ಷಕವಾಗಿ ಕಾಣುತ್ತದೆ, ಆದರೆ ಫಿಲ್ಟರ್ ಎದುರಾದಾಗ ಅದು ಉಳಿಯುವುದಿಲ್ಲ. ಅಗತ್ಯಕ್ಕಿಂತ ಹೆಚ್ಚಿನ ಒತ್ತಡವೂ ಹಿತವಲ್ಲ. ಅಧಿಕ ಒತ್ತಡದ ಪಂಪಿನ ಶಾಫ್ಟ್ ಸೀಲ್ ಸೋತರೆ ಡೀಸೆಲ್ ಎಂಜಿನ್ ಆಯಿಲ್‌ಗೆ ಸೇರಬಹುದು. ತಯಾರಕರು ಹೇಳಿದ ಒತ್ತಡದ ಮಿತಿಯೊಳಗೆ ಹೆಚ್ಚಾದ ಒತ್ತಡವನ್ನು ಹೊರಬಿಡುವ ರಿಲೀಫ್ ವಾಲ್ವ್ ತೆರೆಯುವ ಪಂಪನ್ನೇ ಕೊಳ್ಳಬೇಕು. ಬಾಷ್ ಸಂಸ್ಥೆಯ ಸಿಪಿ3 ಮಾದರಿಯ ಕೆಲವು ಅಧಿಕ ಒತ್ತಡದ ಪಂಪ್‌ಗಳಿಗೆ ತಮ್ಮದೇ ಗೇರ್ ಪಂಪ್ ಇದ್ದು, ಟ್ಯಾಂಕಿನಿಂದ ತಾವೇ ಎಳೆದುಕೊಳ್ಳುತ್ತವೆ. ಅಲ್ಲಿ ಹೊರಗಿನ ಪಂಪ್ ಬರಿಯ ಸಹಾಯಕ. ಸಿಪಿ4 ಮಾದರಿಯಲ್ಲಿ ಕ್ಯಾಮ್ ಮೇಲೆ ಉರುಳುವ ರೋಲರ್‌ಗಳಿವೆ. ಡೀಸೆಲ್ಲಿನ ಜಾಗದಲ್ಲಿ ಗಾಳಿ ಅಥವಾ ನೀರು ಬಂದರೆ ಆ ರೋಲರ್‌ಗಳು ಉರುಳದೆ ಉಜ್ಜತೊಡಗಿ, ಲೋಹದ ಪುಡಿ ಇಂಜೆಕ್ಟರ್‌ಗಳವರೆಗೂ ಹರಡಬಹುದು. ಅಂಥ ಎಂಜಿನ್‌ಗೆ ಫೀಡ್ ಪಂಪ್ ಆರಿಸುವಾಗ ಉಳಿತಾಯದ ಯೋಚನೆ ಬೇಡ.

ವಿದ್ಯುತ್ ಪಂಪಿಗೆ ಸಾಕಷ್ಟು ದಪ್ಪದ ತಂತಿ, ಪ್ರತ್ಯೇಕ ರಿಲೇ, ಫ್ಯೂಸ್, ಒಳ್ಳೆಯ ಅರ್ತಿಂಗ್ ಬೇಕು. ಪೈಪುಗಳು ಡೀಸೆಲ್ ತಾಳುವ ರಬ್ಬರಿನವೇ ಆಗಿರಬೇಕು, ಸತು ಲೇಪಿಸಿದ ಜೋಡಣೆಗಳು ಬೇಡ.

ಎಲ್ಲ ಕೂರಿಸಿದ ಮೇಲೆ ಆಯ್ಕೆ ಸರಿಯೇ ಎಂದು ಹೇಳುವುದು ಮಾಪಕವೊಂದೇ. ಸೂಕ್ಷ್ಮ ಫಿಲ್ಟರಿನ ನಂತರ ಒಂದು ಒತ್ತಡ ಮಾಪಕ ಜೋಡಿಸಿ, ಪೂರ್ಣ ಭಾರ ಹೊತ್ತು ಏರು ಹತ್ತುವಾಗ ಜೊತೆಯಲ್ಲಿ ಕುಳಿತವರು ಮುಳ್ಳು ಇಳಿಯುತ್ತದೆಯೇ ಎಂದು ಗಮನಿಸಲಿ; ನಿಂತಲ್ಲೇ ಎಂಜಿನ್ ತಿರುಗುವಾಗಿನ ಒತ್ತಡದಿಂದ ಏನೂ ತಿಳಿಯುವುದಿಲ್ಲ. ಹೊಸ ಫಿಲ್ಟರಿಗೆ ಡಬ್ಬಿಯಿಂದ ಸೋಸದ ಡೀಸೆಲ್ ಸುರಿದು ತುಂಬಿಸಬಾರದು, ಅದು ಶುದ್ಧ ಬದಿಗೇ ಇಳಿಯುತ್ತದೆ; ಹ್ಯಾಂಡ್ ಪ್ರೈಮರ್‌ನಿಂದಲೋ ವಿದ್ಯುತ್ ಪಂಪಿನಿಂದಲೋ ಏರ್ ತೆಗೆಯಬೇಕು. ತೆಗೆದ ಹಳೆಯ ಫಿಲ್ಟರನ್ನು ಕತ್ತರಿಸಿ ಬಿಳಿ ಬಟ್ಟೆಯ ಮೇಲೆ ಬಿಡಿಸಿ ನೋಡಿ. ಕಪ್ಪು ಲೋಳೆ ಕಂಡರೆ ಟ್ಯಾಂಕನ್ನು ಬರಿದು ಮಾಡಿ ತೊಳೆಸಬೇಕು. ಬೆಳ್ಳಿಯಂತೆ ಮಿನುಗುವ ಪುಡಿ ಕಂಡರೆ ಅದು ಹೆಚ್ಚಾಗಿ ಅಧಿಕ ಒತ್ತಡದ ಪಂಪ್ ಸವೆದು ರಿಟರ್ನ್ ಪೈಪಿನ ಮೂಲಕ ಟ್ಯಾಂಕಿಗೆ ಬಂದದ್ದು. ಆಗ ಹೊಸ ಫಿಲ್ಟರ್ ಹಾಕಿ ಓಡಿಸದೆ, ಪಂಪ್, ರೈಲ್, ಇಂಜೆಕ್ಟರ್ ಮೂರನ್ನೂ ತಪಾಸಣೆಗೆ ಕೊಡಿ. ನಮಸ್ಕಾರ.