ಮರೆವಾ, ಎಡಿಎಚ್‌ಡಿಯಾ? ದೊಡ್ಡವರಲ್ಲಿ ಗುರುತಿಸೋದು ಹೇಗೆ

ತೆರೆ: ಡೊಂಬಿವಲಿ ಸ್ಟೇಷನ್, ಬೆಳಗಿನ ಜನಜಂಗುಳಿ.

ನಿರೂಪಕಿ: ನಮಸ್ಕಾರ. ದಿನಾ ಮುಂಬಯಿ ಲೋಕಲ್ ರೈಲಿನಲ್ಲಿ ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ನಿಂತುಕೊಂಡೇ ಹೋಗಿ ಬಂದು, ರಾತ್ರಿ ಐದು ಗಂಟೆ ಮಾತ್ರ ನಿದ್ದೆ ಮಾಡಿದರೆ ಯಾರಿಗಾದರೂ ಮರೆವು, ಸಿಡುಕು ಬಂದೇ ಬರುತ್ತೆ. ಹದಿನೈದು ದಿನ ಸರಿಯಾಗಿ ಮಲಗಿದ ಮೇಲೆ ಅದು ಇಳಿದರೆ, ಅದು ನಿದ್ದೆಗೇಡಿನ ಕಾಟ. ಎಡಿಎಚ್‌ಡಿ, ಅಂದರೆ ಗಮನ ನಿಲ್ಲದಿರೋ, ಚಡಪಡಿಕೆ ಮತ್ತು ಆತುರದ ತೊಂದರೆ, ಹಾಗೆ ಇಳಿಯೋದಿಲ್ಲ. ಅದರ ಬೇರು ಬಾಲ್ಯದಲ್ಲಿರುತ್ತೆ.

ತೆರೆ: ಹೋಟೆಲ್ ಕೌಂಟರ್, ಪಕ್ಕದಲ್ಲಿ ಲೆಕ್ಕದ ಪುಸ್ತಕ.

ಮಾಟುಂಗಾದ ಒಂದು ಉಡುಪಿ ಹೋಟೆಲನ್ನೇ ಕಲ್ಪಿಸಿಕೊಳ್ಳಿ. ಮಧ್ಯಾಹ್ನದ ರಶ್ಶಿನಲ್ಲಿ ಮ್ಯಾನೇಜರ್ ಮಿಂಚಿನ ಹಾಗೆ ಓಡಾಡುತ್ತಾರೆ. ರಾತ್ರಿ ಲೆಕ್ಕ ಬರೆಯೋಕೆ ಕೂತರೆ ಇಪ್ಪತ್ತು ನಿಮಿಷಕ್ಕೆ ಮೂರು ಸಲ ಏಳುತ್ತಾರೆ. ಖಾತೆಯಲ್ಲಿ ದುಡ್ಡಿದ್ದೂ ಕರೆಂಟ್ ಬಿಲ್ ಕಟ್ಟೋದು ಮರೆತು ದಂಡ ತೆರುತ್ತಾರೆ. ಮನೆಯವರು "ಮನಸ್ಸು ಮಾಡಿದ್ರೆ ನಿಮಗೆ ಆಗುತ್ತೆ, ನೀವೇ ಮಾಡಲ್ಲ" ಅಂತಾರೆ. ಈ ಮಾತು ತುಂಬ ನೋಯಿಸುತ್ತೆ, ನಿಜವೂ ಅಲ್ಲ. ಬಿಸಿಬಿಸಿ ಕೆಲಸ ಗಮನವನ್ನು ತಾನಾಗೇ ಎಳೆದುಕೊಳ್ಳುತ್ತೆ. ಸಪ್ಪೆ ಕೆಲಸಕ್ಕೆ ಅದನ್ನು ನಾವೇ ತಿರುಗಿಸಬೇಕು. ಎಡಿಎಚ್‌ಡಿ ಇದ್ದವರು ಎಡವೋದು ಅಲ್ಲಿ.

ಮಕ್ಕಳ ಹಾಗೆ ಓಡಾಟ, ಹಾರಾಟ ದೊಡ್ಡವರಲ್ಲಿ ಕಡಿಮೆ. ಅದು ಒಳಗಿನ ಚಡಪಡಿಕೆ ಆಗಿರುತ್ತೆ: ಮೀಟಿಂಗಿನಲ್ಲಿ ಕಾಲು ಅಲ್ಲಾಡಿಸೋದು, ಎದುರಿನವರ ಮಾತು ಮುಗಿಯೋ ಮೊದಲೇ ಬಾಯಿ ಹಾಕೋದು. ಕ್ಲಾಸಿನಲ್ಲಿ ಗಲಾಟೆ ಮಾಡದೆ ಕಿಟಕಿ ನೋಡ್ತಾ ಕೂತಿದ್ದ ಹುಡುಗಿಯರನ್ನಂತೂ ಯಾರೂ ಗುರುತಿಸಿರೋದಿಲ್ಲ.

ತೆರೆ: 9, 5, 12.

ಡಾಕ್ಟರುಗಳು ಬಳಸೋ ಮನೋರೋಗಗಳ ಕೈಪಿಡಿ ಡಿಎಸ್‌ಎಂ-5ರ (2013) ಪ್ರಕಾರ ಗಮನಕ್ಕೆ ಸಂಬಂಧಿಸಿ 9 ಲಕ್ಷಣ, ಚಡಪಡಿಕೆ ಮತ್ತು ಆತುರಕ್ಕೆ 9. ವಯಸ್ಸು 17 ಅಥವಾ ಹೆಚ್ಚಿರುವವರಲ್ಲಿ ಯಾವುದಾದರೂ ಒಂದು ಗುಂಪಿನ ಕನಿಷ್ಠ 5 ಲಕ್ಷಣ ಕನಿಷ್ಠ 6 ತಿಂಗಳಿಂದ ಇರಬೇಕು. ಆಫೀಸಿನಲ್ಲಿ ಮಾತ್ರ ಇದ್ದರೆ ಸಾಲದು, ಮನೆಯಲ್ಲೂ ಕಾಣಬೇಕು, ಬದುಕಿಗೆ ತೊಡಕಾಗಿರಬೇಕು. ಕೆಲವು ಲಕ್ಷಣಗಳಾದರೂ 12 ವರ್ಷದ ಒಳಗೇ ಇದ್ದಿರಬೇಕು.

ಅದಕ್ಕೇ ಊರಿಗೆ ಫೋನ್ ಮಾಡಿ. ಅಮ್ಮನ ಹತ್ರ "ನಾನು ತುಂಟ ಆಗಿದ್ನಾ?" ಅಂತ ಕೇಳಬೇಡಿ, ಎಲ್ಲ ಅಮ್ಮಂದಿರೂ ಹೌದು ಅಂತಾರೆ. ಮಳೆಗಾಲದಲ್ಲಿ ಎಷ್ಟು ಕೊಡೆ ಕಳೆದೆ, ಬರೆದ ಹೋಂವರ್ಕ್ ಶಾಲೆಗೆ ಒಯ್ಯೋದು ಮರೀತಿದ್ನಾ, ಮೇಷ್ಟ್ರು ಏನಂತ ದೂರುತ್ತಿದ್ದರು, ಹೀಗೆ ಕೇಳಿ. ಹಳೇ ಪ್ರೋಗ್ರೆಸ್ ಕಾರ್ಡ್ ಸಿಕ್ಕರೆ ಫೋಟೋ ತರಿಸಿಕೊಳ್ಳಿ.

ಆಮೇಲೆ ಎಎಸ್‌ಆರ್‌ಎಸ್, ಅಂದರೆ ದೊಡ್ಡವರು ತಮ್ಮ ಎಡಿಎಚ್‌ಡಿ ಲಕ್ಷಣಗಳನ್ನು ತಾವೇ ನೋಡಿಕೊಳ್ಳೋ ಪ್ರಶ್ನಾವಳಿ. ಮೊದಲ ಭಾಗದಲ್ಲಿ 6 ಪ್ರಶ್ನೆ. ಮೊದಲ ಮೂರಕ್ಕೆ "ಕೆಲವೊಮ್ಮೆ" ಅಂದರೂ ಲೆಕ್ಕಕ್ಕೆ ಬರುತ್ತೆ, ಕೊನೆಯ ಮೂರಕ್ಕೆ "ಆಗಾಗ್ಗೆ" ಅಥವಾ ಅದಕ್ಕಿಂತ ಹೆಚ್ಚು ಬೇಕು. ಇಲ್ಲೇ ಹೆಚ್ಚಿನವರು ತಪ್ಪು ಎಣಿಸೋದು. 4 ಅಥವಾ ಹೆಚ್ಚು ಬಂದರೆ ಡಾಕ್ಟರನ್ನು ನೋಡಿ, ಅಷ್ಟೇ. ಕಾಯಿಲೆ ಇದೆ ಅಂತ ಅಲ್ಲ. ಆತಂಕ, ಖಿನ್ನತೆ ಇದ್ದವರಿಗೂ ಅಂಕ ಏರುತ್ತೆ. ಖಿನ್ನತೆಗೆ ಸಾಮಾನ್ಯವಾಗಿ "ಆವಾಗಿನಿಂದ ಶುರು" ಅನ್ನೋ ಒಂದು ಕಾಲ ಇರುತ್ತೆ. ಥೈರಾಯ್ಡ್, ರಕ್ತಹೀನತೆ, ಗೊರಕೆಯ ಜೊತೆ ಉಸಿರು ಕಟ್ಟೋದು, ಇವನ್ನೂ ನೋಡಿಸಿ.

ಎಡಿಎಚ್‌ಡಿ ಗುರುತಿಸೋ ರಕ್ತಪರೀಕ್ಷೆ ಇಲ್ಲ, ಸ್ಕ್ಯಾನ್ ಕೂಡ ಇಲ್ಲ. ಇದೆ ಅನ್ನುವವರಿಗೆ ದುಡ್ಡು ಕೊಡಬೇಡಿ.

ತೆರೆ: 14416.

ಮುಂಬಯಿಯಲ್ಲಿ ಪರೇಲಿನ ಕೆಇಎಂ, ಪುಣೆಯಲ್ಲಿ ಸಸೂನ್, ಇವೆರಡರಲ್ಲೂ ಮನೋರೋಗ ವಿಭಾಗ ಇದೆ. ಗೋವಾದಲ್ಲಿ ಬಾಂಬೋಳಿಯ ಮನೋವೈದ್ಯಕೀಯ ಸಂಸ್ಥೆ ಇದೆ. ಎಲ್ಲಿಗೆ ಹೋಗಬೇಕು ಅಂತ ತಿಳಿಯದಿದ್ದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416, ಉಚಿತ. ಡಾಕ್ಟರ ಮುಂದೆ ಮರಾಠಿ ಹಿಂದಿಯಲ್ಲಿ ತಡವರಿಸೋ ಹಾಗಾಗಬಾರದು ಅಂದರೆ, ಒಂದು ಹಾಳೆಯಲ್ಲಿ ಬಾಲ್ಯದ ಐದು ಘಟನೆ, ಈಗಿನ ಐದು ಘಟನೆ ಬರೆದುಕೊಂಡು ಹೋಗಿ. ಗಂಡನೋ ಹೆಂಡತಿಯೋ ಜೊತೆಗಿರಲಿ. ನಿಮಗೆ ಕಾಣದ್ದು ಅವರಿಗೆ ಕಂಡಿರುತ್ತೆ. ಎಡಿಎಚ್‌ಡಿಗೆ ಕೊಡೋ ಮೀಥೈಲ್‌ಫೆನಿಡೇಟ್ ಮಾತ್ರೆಯನ್ನು ಸ್ನೇಹಿತರಿಂದ ತಗೊಂಡು ನುಂಗಿ ನೋಡೋದು ಬೇಡ. ಅದು ಕಟ್ಟುನಿಟ್ಟಿನ ನಿಯಂತ್ರಣದಲ್ಲಿರೋ ಔಷಧ, ಕೊಡೋ ಮೊದಲು ಬಿಪಿ, ನಾಡಿ, ಹೃದಯದ ಹಿನ್ನೆಲೆ ನೋಡಲೇಬೇಕು.